ಹಳೇ ಕೋಟ್‌ಗೆ ಎಷ್ಟು ಬೆಲೆ ಹಾಕಬೇಕು?

ನಮಸ್ಕಾರ. ಇದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ಒಂದು ಚಾರಿಟಿ ಅಂಗಡಿಯ, ಅಂದರೆ ದಾನ ಬಂದ ಸಾಮಾನು ಮಾರಿ ಸೇವಾ ಸಂಸ್ಥೆಗೆ ಹಣ ಸೇರಿಸುವ ಅಂಗಡಿಯ, ಹಿಂದಿನ ಕೋಣೆ. ಶನಿವಾರ ನಾನಿಲ್ಲಿ ಸಂಬಳವಿಲ್ಲದೆ ಕೆಲಸ ಮಾಡುತ್ತೇನೆ. ಜನ ಕೊಟ್ಟುಹೋದ ಚೀಲ ಬಿಚ್ಚುವುದು, ಒಳ್ಳೆಯದನ್ನು ಆರಿಸುವುದು, ಸ್ಟೀಮರ್ ಹಿಡಿದು ಸುಕ್ಕು ತೆಗೆಯುವುದು, ಬೆಲೆ ಚೀಟಿ ಹಾಕುವುದು. ಕಷ್ಟ ಇರುವುದು ಆ ಕೊನೆಯದರಲ್ಲೇ.

ಈ ಮಕ್ಕಳ ಕೋಟು ನೋಡಿ. ಜಿಪ್ ಚೆನ್ನಾಗಿದೆ. ಒಂದು ತೋಳಿನ ತುದಿ ಸ್ವಲ್ಪ ಸವೆದಿದೆ. ಕಾಲರ್ ಒಳಗೆ ಯಾವುದೋ ಮಗುವಿನ ಹೆಸರಿನ ಪಟ್ಟಿ ಬಿಚ್ಚಿದ ದಾರ ಇನ್ನೂ ಇದೆ. ಇಂಥದ್ದೇ ಹೊಸ ಕೋಟು ಇದೇ ಬೀದಿಯಲ್ಲಿ 12 ಪೌಂಡಿಗೆ ಸಿಗುತ್ತದೆ. ನಮ್ಮ ಚೀಟಿಯಲ್ಲಿ 8 ಪೌಂಡ್. ಇದು ಜಾಸ್ತಿ ಆಯಿತು ಅಂತ ನನಗೆ ಅನ್ನಿಸುತ್ತದೆ.

"ಪುಕ್ಕಟೆ ಬಂದದ್ದಕ್ಕೆ ಇಷ್ಟು ಯಾಕೆ?" ಅಂತ ಕೌಂಟರ್‌ನಲ್ಲಿ ಕೇಳುವವರಿದ್ದಾರೆ. ಅವರಿಗೆ ಉತ್ತರ ಇದೆ. ದಾನವಾಗಿ ಬಂದ ವಸ್ತು ಮಾರಿದರೆ ವ್ಯಾಟ್ ಇಲ್ಲ, ಬಿಸಿನೆಸ್ ರೇಟ್ಸ್, ಅಂದರೆ ಅಂಗಡಿ ಕಟ್ಟಡದ ತೆರಿಗೆಯಲ್ಲಿ, 80% ವಿನಾಯಿತಿ ಇದೆ, ನಿಜ. ಆದರೆ ಬಾಡಿಗೆ, ಕರೆಂಟು, ಮ್ಯಾನೇಜರ್ ಸಂಬಳ ಎಲ್ಲ ಕಟ್ಟಲೇಬೇಕು. ಅದೆಲ್ಲ ಕಳೆದು ಉಳಿದದ್ದು ತಾನೇ ಸೇವೆಗೆ ಹೋಗುವುದು? ಆಕ್ಸ್‌ಫರ್ಡಿನ ಬ್ರಾಡ್ ಸ್ಟ್ರೀಟ್‌ನಲ್ಲಿ ಆಕ್ಸ್‌ಫ್ಯಾಮ್ ಎಂಬ ಸೇವಾ ಸಂಸ್ಥೆ 1940ರ ದಶಕದ ಕೊನೆಯಲ್ಲಿ ಅಂಗಡಿ ಇಟ್ಟದ್ದೂ ಹಣ ಸೇರಿಸುವುದಕ್ಕೇ. ಈಗ ಬ್ರಿಟನ್ನಿನಲ್ಲಿ ಇಂಥ ಅಂಗಡಿಗಳು 10,000ಕ್ಕೂ ಹೆಚ್ಚಿವೆ.

ಆದರೂ ಕೋಟು ಯಾರು ಕೊಳ್ಳುತ್ತಾರೆ ಅಂತ ಯೋಚಿಸಬೇಕು ಅಲ್ವಾ? ಸಂಬಳ ಬರುವ ಮೊದಲೇ ಚಳಿ ಬಂತು ಅನ್ನುವ ತಾಯಿ. ಸೆಪ್ಟೆಂಬರಿನಲ್ಲಿ ಹಾಸನದಿಂದಲೋ ದಾವಣಗೆರೆಯಿಂದಲೋ ಓದಲು ಬಂದು, ಕೋಟು, ಬಾಣಲೆ, ಹೊದಿಕೆ ಹುಡುಕುವ ನಮ್ಮ ಹುಡುಗರು. ಇಲ್ಲಿ ಚೌಕಾಸಿಗೆ ಅವಕಾಶವಿಲ್ಲ. ಚೀಟಿ ನೋಡಿ ಸುಮ್ನೆ ವಾಪಸ್ ನೇತುಹಾಕಿ ಹೋಗುತ್ತಾರೆ.

ಹಾಗೆ ಉಳಿದದ್ದಕ್ಕೆ ಏನಾಗುತ್ತದೆ? ಚೀಟಿಯ ಮೂಲೆಯಲ್ಲಿರುವ ಈ ಅಂಕಿ ಅದನ್ನು ಮಾರಾಟಕ್ಕಿಟ್ಟ ವಾರದ್ದು. ಕೆಲವು ವಾರದಲ್ಲಿ ಹೋಗದಿದ್ದರೆ ಕೆಳಗಿಳಿಸಿ ಮೂಟೆಗೆ ಹಾಕುತ್ತೇವೆ. ಹಳೇ ಬಟ್ಟೆ ವ್ಯಾಪಾರಿ ಅದನ್ನು ಕಿಲೋ ಲೆಕ್ಕದಲ್ಲಿ ಒಯ್ಯುತ್ತಾನೆ. ಆಗ ಈ ಕೋಟಿಗೆ ಸಿಗುವುದು ಕೆಲವು ಪೆನ್ಸ್, ಅಂದರೆ ಪೌಂಡಿನ ಚಿಲ್ಲರೆ ಕಾಸು. 4 ಪೌಂಡ್ ಹಾಕಿದ್ದರೆ ಒಂದು ಮಗು ಇದನ್ನು ಹಾಕಿಕೊಂಡು ಸ್ಕೂಲಿಗೆ ಹೋಗುತ್ತಿತ್ತು, ಸಂಸ್ಥೆಗೂ ದುಡ್ಡು ಬರುತ್ತಿತ್ತು.

ಈಗ ಇದನ್ನು ನೋಡಿ. ಬಟ್ಟೆ ತುಂಡುಗಳ ಡಬ್ಬಿಯಲ್ಲಿತ್ತು, 5 ಪೌಂಡ್ ಚೀಟಿ. ಬಿಡಿಸಿದರೆ ಕಡುಹಸಿರು ರೇಷ್ಮೆ, ಚಿನ್ನದ ಜರಿ ಅಂಚು, ಕೆಎಸ್‌ಐಸಿಯ, ಅಂದರೆ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ, ಕೋಡ್. ಮೈಸೂರು ಸಿಲ್ಕ್! ಮೈಸೂರಿನಲ್ಲಿ 1912ರಲ್ಲಿ ಶುರುವಾದ ಕಾರ್ಖಾನೆಯ ಸೀರೆ. ನಾನು ವಿವರಿಸಿದ ಮೇಲೆ ಮ್ಯಾನೇಜರ್ ಫೋಟೋ ತೆಗೆದು ಆನ್‌ಲೈನ್‌ನಲ್ಲಿ 60 ಪೌಂಡಿಗೆ ಹಾಕಿದರು. 90 ಹಾಕಿದ್ದರೂ ನನಗೆ ಖುಷಿಯೇ. ಇಂಥ ಸೀರೆ, ಬೆಳ್ಳಿ, ದೊಡ್ಡ ಬ್ರಾಂಡಿನ ಚೀಲ, ಇವುಗಳಿಗೆ ತಕ್ಕ ಬೆಲೆ ಹಾಕಲಿ. ಮಕ್ಕಳ ಕೋಟು, ಶೂ, ಪಾತ್ರೆಗೆ ಮಾತ್ರ ಹೊಸದರ ಮೂರರಲ್ಲಿ ಒಂದು ಭಾಗ ದಾಟಬಾರದು. ಬಂದ ಸಾಮಾನು ಏನೆಂದು ಗೊತ್ತಿರುವವರು ಹಿಂದಿನ ಕೋಣೆಯಲ್ಲಿದ್ದರೆ ಇದು ಆಗುವ ಕೆಲಸ.

ಇಲ್ಲಿರುವ ಕನ್ನಡದವರೇ, ಸೀರೆ ಕೊಡುವಾಗ ಯಾವ ಸೀರೆ, ಜರಿ ಯಾವುದು ಅಂತ ಒಂದು ಚೀಟಿ ಬರೆದು ಮಡಿಕೆಯಲ್ಲಿಡಿ. ಶೂಗಳ ಲೇಸು ಒಂದಕ್ಕೊಂದು ಕಟ್ಟಿ. ಸೋಫಾ ಕೊಡುವುದಾದರೆ ಬೆಂಕಿ ಸುರಕ್ಷತೆಯ ಲೇಬಲ್ ಕತ್ತರಿಸಬೇಡಿ, ಅದಿಲ್ಲದಿದ್ದರೆ ನಾವು ತೆಗೆದುಕೊಳ್ಳುವ ಹಾಗಿಲ್ಲ. ಆದಾಯ ತೆರಿಗೆ ಕಟ್ಟುವವರು ಗಿಫ್ಟ್ ಏಡ್ ಫಾರಂ ತುಂಬಿಸಿ. ನಿಮ್ಮ ಸಾಮಾನು ಮಾರಿ ಬಂದ ಪ್ರತಿ ಪೌಂಡಿಗೂ ಸರ್ಕಾರದಿಂದ ಇನ್ನೂ 25 ಪೆನ್ಸ್ ಸಂಸ್ಥೆಗೆ ಸೇರುತ್ತದೆ.