ಬೆಳಕಿಂಡಿಯ ಕೆಳಗೆ

ಎಲ್ಲರಿಗೂ ನಮಸ್ಕಾರ.

ಇವತ್ತು ಬೆಳಗ್ಗೆ ನಾವೆಲ್ಲ ಒಟ್ಟಿಗೆ ದೇವರಾಜ ಮಾರುಕಟ್ಟೆಗೆ ಹೋಗಿ ಬಂದೆವು. ನಡೆದಿದ್ದು ಒಂದೇ ಓಣಿಯಲ್ಲಿ, ಸುಮಾರು ಒಂದು ಗಂಟೆ. ಬಂದ ಮೇಲೆ ನಿಮ್ಮ ಚಿತ್ರಗಳನ್ನೆಲ್ಲ ನೋಡಿದೆ. ಕುಂಕುಮದ ಗುಡ್ಡೆ ಎಲ್ಲರ ಹತ್ತಿರವೂ ಇದೆ. ಇರಲಿ, ಆ ಬಣ್ಣ ಯಾರನ್ನೂ ಬಿಡುವುದಿಲ್ಲ. ಆದರೆ ನಿಮ್ಮಲ್ಲೊಬ್ಬರು ಹೂವಿನ ಅಂಗಡಿಯ ಕೆಳಗಿದ್ದ ಒಂದು ಜೊತೆ ಹಳೆಯ ಚಪ್ಪಲಿಯ ಫೋಟೋ ತೆಗೆದಿದ್ದಾರೆ. ಯಾಕೆ ಅಂತ ಕೇಳಿದೆ. "ನಮ್ಮಪ್ಪನೂ ಅಂಗಡಿ ಹತ್ತುವಾಗ ಹೀಗೇ ಬಿಡ್ತಿದ್ರು ಸಾರ್" ಅಂದರು. ಅದೇ ಅಂಗಡಿಯ ಮುಂದೆ ನಾನೂ ಎರಡು ಸಲ ಓಡಾಡಿದ್ದೆ. ಚಪ್ಪಲಿ ನನಗೆ ಕಾಣಲಿಲ್ಲ.

ನಾನು ಮಾತಾಡಬೇಕು ಅಂದುಕೊಂಡಿರುವುದು ಇದರ ಬಗ್ಗೆಯೇ. ನಮ್ಮ ಕಣ್ಣು ಎಲ್ಲಿ ನಿಲ್ಲಬೇಕು ಅಂತ ನಾವು ಬದುಕಿದ ಬದುಕು ಮೊದಲೇ ಕಲಿಸಿರುತ್ತದೆ, ಅಲ್ವಾ?

ಪ್ರಾಗ್ ನಗರದಲ್ಲಿ ಯೋಸೆಫ್ ಸುದೆಕ್ ಅಂತ ಒಬ್ಬ ಫೋಟೋಗ್ರಾಫರ್ ಇದ್ದರು. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡವರು. ಮುಂದೆ ನಾಜಿಗಳು ಆ ಊರನ್ನು ಹಿಡಿದಾಗ ಕ್ಯಾಮೆರಾ ಹೊತ್ತು ಬೀದಿ ಸುತ್ತುವುದು ಕಷ್ಟವಾಯಿತು. 1940ರಲ್ಲಿ ಅವರು ತಮ್ಮ ಸ್ಟುಡಿಯೋದ ಕಿಟಕಿಯ ಚಿತ್ರ ತೆಗೆಯಲು ಶುರುಮಾಡಿದರು. ಅದೇ ಗಾಜು, ಆಚೆ ಅದೇ ಸೊಟ್ಟ ಮರ. ಒಂದು ದಿನ ಗಾಜಿನ ಮೇಲೆ ನೀರಿನ ಹನಿ, ಇನ್ನೊಂದು ದಿನ ಹಿಮ. ಕೆಲವು ಸಲ ಒಂದು ಲೋಟ, ಅದರಲ್ಲೊಂದು ಹೂವು. ಯುದ್ಧ ಮುಗಿಯಿತು, ಬೀದಿಗಳು ಮತ್ತೆ ಅವರಿಗೆ ಸಿಕ್ಕವು. ಆದರೂ 1954ರವರೆಗೆ ಆ ಕಿಟಕಿಯನ್ನು ಬಿಡಲಿಲ್ಲ. ಶುರುವಾಗಿದ್ದು ಬೇರೆ ದಾರಿಯಿಲ್ಲದೆ ಇರಬಹುದು, ಮುಂದುವರಿದಿದ್ದು ಮಾತ್ರ ಪ್ರೀತಿಯಿಂದ ಅಂತ ನನ್ನ ನಂಬಿಕೆ.

ನಮ್ಮ ಮೈಸೂರಿನ ಫೋಟೋಗ್ರಾಫರ್ ಟಿ.ಎಸ್. ಸತ್ಯನ್ ಅವರೂ ಅಷ್ಟೇ. ಯುನಿಸೆಫ್‌ಗಾಗಿ ಅವರು ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ ನ್ಯೂಯಾರ್ಕ್‌ನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನವಾದವು. ನಾವು ದಿನಾ ನೋಡುವಂಥ ಮಕ್ಕಳೇ.

ಈಗ ಕ್ಯಾಮೆರಾದ ವಿಷಯ. ಬೆಳಕು ಅಳೆಯುವ ಮೀಟರ್‌ಗೆ ಎದುರಿಗೆ ಏನಿದೆ ಅಂತ ಗೊತ್ತಿರುವುದಿಲ್ಲ. ಅದು ಎಲ್ಲವನ್ನೂ ನಡುಮಟ್ಟದ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಚಿತ್ರದ ತುಂಬ ಸುಣ್ಣದ ಗೋಡೆ ತುಂಬಿಕೊಂಡರೆ ಮಂಕಾಗುತ್ತದೆ. ಎಮ್ಮೆ ತುಂಬಿಕೊಂಡರೆ ಮೈಗೆ ಬೂದಿ ಬಳಿದ ಹಾಗಿರುತ್ತದೆ. ಈಗಿನ ಮೊಬೈಲ್‌ಗಳಂತೂ ಕತ್ತಲೆ ಕಂಡರೆ ಸಾಕು, ಬೆಳಗಿಸಿಬಿಡುತ್ತವೆ.

ಇದರಿಂದ ನಾನು ಬಹಳ ಒದ್ದಾಡಿದ್ದೇನೆ. ನಮ್ಮೂರ ಮನೆಯ ಅಡುಗೆಮನೆ ಮಸಿ ಹಿಡಿದದ್ದು. ಸೂರಿನಲ್ಲಿ ಒಂದು ಬೆಳಕಿಂಡಿ. ಬೆಳಗ್ಗೆ ಒಲೆ ಹಚ್ಚಿದಾಗ ಹೊಗೆಯೊಳಗೆ ಬಿಸಿಲುಕೋಲು ಇಳಿಯುತ್ತದೆ. ಚಿಕ್ಕವನಿದ್ದಾಗ ಅದನ್ನು ಕೈಯಲ್ಲಿ ಹಿಡಿಯಲು ಹೋಗುತ್ತಿದ್ದೆ. ಫೋಟೋ ತೆಗೆದರೆ ಮಾತ್ರ ಬಿಸಿಲುಕೋಲು ತೆಳ್ಳಗಾಗಿ, ಡಬ್ಬಿ, ಬಕೆಟ್, ವೈರು ಎಲ್ಲ ಚೆನ್ನಾಗಿ ಕಾಣುತ್ತಿದ್ದವು. ಅಲ್ಲಿರುವುದೆಲ್ಲ ಬಂದಿದೆ, ನನ್ನ ಅಡುಗೆಮನೆ ಬಂದಿಲ್ಲ. ಎಷ್ಟೋ ಸಲ ಹೀಗಾದ ಮೇಲೆ, ಒಂದು ರಜೆಯಲ್ಲಿ ಮೀಟರ್ ಹೇಳಿದ್ದಕ್ಕಿಂತ ಎರಡು ಸ್ಟಾಪ್ ಇಳಿಸಿದೆ, ಅಂದರೆ ಕ್ಯಾಮೆರಾಗೆ ಕಾಲುಭಾಗ ಬೆಳಕು ಮಾತ್ರ ಕೊಟ್ಟೆ. ಕತ್ತಲೆ ಕತ್ತಲೆಯಾಗೇ ಉಳಿಯಿತು. ಉಳಿದಿದ್ದು ಬಿಸಿಲು, ಅಮ್ಮನ ಕೈ, ಮೂಲೆಯಲ್ಲಿ ಚೂರು ಹಿತ್ತಾಳೆಯ ಹೊಳಪು.

ಪ್ರಿಂಟ್ ಹಾಕಿಸಿ ಅಮ್ಮನಿಗೆ ಕೊಟ್ಟೆ. "ಒಲೆನೇ ಕಾಣಲ್ವಲ್ಲೋ" ಅಂದರು. ಬಿಸಿಲಿನ ಬಗ್ಗೆ ಒಂದು ಮಾತಿಲ್ಲ. ಆಮೇಲೆ ಆ ಮೂಲೆಯ ಮೇಲೆ ಬೆರಳಿಟ್ಟರು. "ಇದು ನಿಮ್ಮಜ್ಜಿ ಚೊಂಬು. ಬಾಯಿ ನೆಗ್ಗಿದೆ ನೋಡು, ನೀನೇ ಬೀಳಿಸಿದ್ದು."

ಆ ಚಿತ್ರವನ್ನು ಈಗ ಪರದೆಯ ಮೇಲೆ ಹಾಕುತ್ತೇನೆ. ಐದು ನಿಮಿಷ ಯಾರೂ ಏನೂ ಹೇಳುವುದು ಬೇಡ, ಸುಮ್ನೆ ನೋಡೋಣ. ಹಿಂದೆ ಇರುವವರು ಒಂಚೂರು ಲೈಟ್ ಆರಿಸ್ತೀರಾ?