ವೈದ್ಯರ ಸಂಘದಲ್ಲಿ ಯಾರಿಗೆ ಜಾಗ

ಕೇಳುಗರಿಗೆ ನಮಸ್ಕಾರ.

ಡಾಕ್ಟರುಗಳ ಸಂಘ ಅಂದರೆ ನಮಗೆ ನೆನಪಾಗುವುದು ವರ್ಷಕ್ಕೊಂದು ಸಮ್ಮೇಳನ, ಶಾಲು, ಹಾರ, ಮುಷ್ಕರದ ದಿನ ಪತ್ರಿಕೆಗೊಂದು ಹೇಳಿಕೆ. ಅಂಥ ಸಂಘಕ್ಕೆ ಅಧ್ಯಕ್ಷರು ಯಾರಾದರೇನು, ಅವರ ಮೈಬಣ್ಣ ಯಾವುದಾದರೇನು ಅಂತ ಅನ್ನಿಸಬಹುದು. ಅಮೆರಿಕದಲ್ಲಿ ವಿಷಯ ಅಷ್ಟು ಹಗುರವಾಗಿರಲಿಲ್ಲ. ಅಲ್ಲಿ ಬಹಳ ಕಾಲ, ಒಬ್ಬ ವೈದ್ಯನ ಹೊಟ್ಟೆಪಾಡು ಅವನು ಸಂಘದ ಸದಸ್ಯನೋ ಅಲ್ಲವೋ ಅನ್ನುವುದರ ಮೇಲೆ ನಿಂತಿತ್ತು. ಅವನ ರೋಗಿಗಳ ಪಾಡೂ ಅಷ್ಟೇ.

ಅಲೆಗ್ಸಾಂಡರ್ ಅಗಸ್ಟಾ ಅಂತ ಒಬ್ಬ ವೈದ್ಯರಿದ್ದರು. 1825ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದ ಕಪ್ಪು ಜನಾಂಗದವರು. ತಮ್ಮ ದೇಶದ ವೈದ್ಯಕೀಯ ಶಾಲೆಗಳು ಸೇರಿಸಿಕೊಳ್ಳಲಿಲ್ಲ ಅಂತ ಕೆನಡಾದ ಟೊರಾಂಟೊಗೆ ಹೋಗಿ ಓದಿದರು. ಅಮೆರಿಕದ ಅಂತರ್ಯುದ್ಧದಲ್ಲಿ ಸೈನ್ಯದ ಸರ್ಜನ್ ಆದರು, ಮೇಜರ್ ಪದವಿ ಸಿಕ್ಕಿತು. ಆ ಪದವಿಯಲ್ಲಿದ್ದಾಗಲೇ, 1864ರಲ್ಲಿ, ಮಳೆ ಸುರಿಯುತ್ತಿದ್ದ ದಿನ ವಾಷಿಂಗ್ಟನ್ನಿನ ಟ್ರಾಮ್ ಗಾಡಿಯೊಳಗೆ ಕೂರಲು ಅವರಿಗೆ ಬಿಡಲಿಲ್ಲ. ಯುದ್ಧ ಮುಗಿದ ಮೇಲೆ ವಾಷಿಂಗ್ಟನ್ನಿನ ಹವರ್ಡ್ ವಿಶ್ವವಿದ್ಯಾಲಯದಲ್ಲಿ (ಹಾರ್ವರ್ಡ್ ಅಲ್ಲ) ವೈದ್ಯಕೀಯ ಕಲಿಸಿದರು. 1869ರಲ್ಲಿ ಅವರೂ ಇನ್ನಿಬ್ಬರು ಕಪ್ಪು ವೈದ್ಯರೂ ವಾಷಿಂಗ್ಟನ್ ನಗರದ ವೈದ್ಯರ ಸಂಘಕ್ಕೆ ಅರ್ಜಿ ಹಾಕಿದರು. ಅವರ ಓದಿನಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೂ ಸದಸ್ಯತ್ವ ಸಿಗಲಿಲ್ಲ.

ಆಗ ಅವರು ಕೆಲವು ಬಿಳಿಯ ವೈದ್ಯರ ಜೊತೆ ಸೇರಿ ಬೇರೆ ಸಂಘ ಕಟ್ಟಿದರು. ಅದರಲ್ಲಿ ಎರಡೂ ಜನಾಂಗದವರಿದ್ದರು. 1870ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಮಹಾಸಭೆ ವಾಷಿಂಗ್ಟನ್ನಿನಲ್ಲೇ ನಡೆಯಿತು. 1847ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದ, ದೇಶದ ದೊಡ್ಡ ವೈದ್ಯರ ಸಂಘ ಇದು. ಎರಡೂ ಕಡೆಯ ಪ್ರತಿನಿಧಿಗಳು ಬಂದರು. ಸಭೆ ಬಿಳಿಯರ ಸಂಘವನ್ನು ಒಳಗೆ ಬಿಟ್ಟಿತು, ಮಿಶ್ರ ಸಂಘವನ್ನು ಹೊರಗಿಟ್ಟಿತು. ಈ ನಿರ್ಧಾರಕ್ಕೂ ಬಣ್ಣಕ್ಕೂ ಯಾವ ಸಂಬಂಧವೂ ಇಲ್ಲ ಅಂತ ಒಂದು ಠರಾವನ್ನೂ ಪಾಸು ಮಾಡಿಕೊಂಡಿತು! ಇಲ್ಲದ ವಿಷಯಕ್ಕೆ ಯಾರಾದರೂ ಠರಾವು ಬರೆಯುತ್ತಾರಾ?

ನನಗೆ ಇದಕ್ಕಿಂತ ಜಾಸ್ತಿ ಮುಖ್ಯ ಅನ್ನಿಸುವುದು ನಾಲ್ಕು ವರ್ಷ ಆದಮೇಲೆ, 1874ರಲ್ಲಿ, ಆದ ಒಂದು ಬದಲಾವಣೆ. ಯಾವ ಸ್ಥಳೀಯ ಸಂಘಕ್ಕೆ ಮಾನ್ಯತೆ ಕೊಡಬೇಕು ಅನ್ನುವುದನ್ನು ಆಯಾ ರಾಜ್ಯದ ಸಂಘವೇ ನೋಡಿಕೊಳ್ಳಲಿ ಅಂತ ರಾಷ್ಟ್ರೀಯ ಸಂಘ ಕೈತೊಳೆದುಕೊಂಡಿತು. ಕೇಳಲು ಒಳ್ಳೆಯ ಮಾತು, ಅಲ್ವಾ? ಅಧಿಕಾರ ಕೆಳಗಿನವರಿಗೆ. ಆದರೆ ದಕ್ಷಿಣದ ರಾಜ್ಯಗಳಲ್ಲಿ ಕೆಳಗಿದ್ದವರು ಯಾರು? ಕೌಂಟಿ ಸಂಘಗಳು, ಅಂದರೆ ನಮ್ಮ ಜಿಲ್ಲಾ ಸಂಘಗಳಂಥವು, ಬಿಳಿಯರ ಕೈಯಲ್ಲಿದ್ದವು. ಕೌಂಟಿ ಸಂಘಕ್ಕೆ ಸೇರದೆ ರಾಷ್ಟ್ರೀಯ ಸಂಘಕ್ಕೆ ಸೇರುವಂತಿರಲಿಲ್ಲ. ಮುಂದಿನ ತೊಂಬತ್ತು ವರ್ಷ ಯಾರೇ ಕೇಳಿದರೂ ಮೇಲಿನವರ ಉತ್ತರ ಸಿದ್ಧವಾಗಿತ್ತು: ನಾವು ಯಾರನ್ನೂ ತಡೆದಿಲ್ಲ, ಅದು ಸ್ಥಳೀಯರ ವಿಚಾರ.

ಸದಸ್ಯತ್ವ ಇಲ್ಲದಿದ್ದರೆ ಏನಾಗುತ್ತಿತ್ತು? ಎಷ್ಟೋ ಆಸ್ಪತ್ರೆಗಳು ಕೌಂಟಿ ಸಂಘದ ಸದಸ್ಯರಿಗೆ ಮಾತ್ರ ರೋಗಿಗಳನ್ನು ದಾಖಲು ಮಾಡಲು, ಆಪರೇಷನ್ ಮಾಡಲು ಅನುಮತಿ ಕೊಡುತ್ತಿದ್ದವು. ಕಪ್ಪು ವೈದ್ಯ ಮನೆಯಲ್ಲಿ, ಕ್ಲಿನಿಕ್ಕಿನಲ್ಲಿ ನೋಡಿದ ರೋಗಿಗೆ ಕಾಯಿಲೆ ಜೋರಾದರೆ, ಬಿಳಿಯ ವೈದ್ಯನ ಕೈಗೆ ಒಪ್ಪಿಸಿ ಹೊರಗೆ ನಿಲ್ಲಬೇಕು. ರೋಗಿಯೂ ಹೋಯಿತು, ಫೀಸೂ ಹೋಯಿತು. ಹೊಸ ವಿದ್ಯೆ ಕಲಿಯಲು ಆಸ್ಪತ್ರೆಯೇ ಬೇಕಲ್ಲ, ಅದೂ ಹೋಯಿತು. ತಜ್ಞರ ಪರೀಕ್ಷೆಗೆ ಕೂರುವುದಕ್ಕೂ ಸಂಘದ ಸದಸ್ಯತ್ವ ಇಲ್ಲದಿರುವುದು ಅಡ್ಡ ಬರುತ್ತಿತ್ತು. ಇದರ ಮೇಲೆ, 1906ರಿಂದ ಸಂಘ ಅಚ್ಚು ಹಾಕುತ್ತಿದ್ದ ವೈದ್ಯರ ಡೈರೆಕ್ಟರಿಯಲ್ಲಿ ಕಪ್ಪು ವೈದ್ಯರ ಹೆಸರಿನ ಪಕ್ಕ ಮೂರಕ್ಷರದ ಒಂದು ಗುರುತು. ಅದು ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಹಾಗೇ ಉಳಿಯಿತು. ಸಾಲ ಕೊಡುವವರಿಗೂ ವಿಮೆ ಮಾರುವವರಿಗೂ ಮುಖ ನೋಡುವ ಕಷ್ಟವೇ ಇಲ್ಲ, ಪುಟ ತಿರುಗಿಸಿದರೆ ಸಾಕು.

ಕಪ್ಪು ವೈದ್ಯರು ಸುಮ್ನೆ ಕೂರಲಿಲ್ಲ. 1895ರಲ್ಲಿ ಅಟ್ಲಾಂಟಾದ ಒಂದು ದೊಡ್ಡ ವಸ್ತುಪ್ರದರ್ಶನದ ಹೊತ್ತಿನಲ್ಲಿ ಸೇರಿ ನ್ಯಾಷನಲ್ ಮೆಡಿಕಲ್ ಅಸೋಸಿಯೇಷನ್ ಕಟ್ಟಿದರು. ರಾಬರ್ಟ್ ಬಾಯ್ಡ್ ಮೊದಲ ಅಧ್ಯಕ್ಷರು. 1909ರಿಂದ ತಮ್ಮದೇ ಪತ್ರಿಕೆಯೂ ಬಂತು. ಈ ಸಂಘ ಬೇರೆ ಜನಾಂಗದವರಿಗೆ ಬಾಗಿಲು ಮುಚ್ಚಲಿಲ್ಲ. ಅದನ್ನು ಕಟ್ಟಿದ್ದೇ ಬೇರೆ ದಾರಿ ಇಲ್ಲದೆ.

ನಾಯಕತ್ವದ ಸ್ಥಾನದಲ್ಲಿ ತಮ್ಮವರು ಯಾರೂ ಇಲ್ಲದಿದ್ದರೆ ಆಗುವ ನಷ್ಟ ಎಂಥದ್ದು ಅನ್ನುವುದು 1910ರಲ್ಲಿ ಗೊತ್ತಾಯಿತು. ದೊಡ್ಡ ಸಂಘದ ಶಿಕ್ಷಣ ಮಂಡಳಿಯ ಒತ್ತಾಸೆಯಿಂದ ಕಾರ್ನೆಗಿ ಪ್ರತಿಷ್ಠಾನ ಅಬ್ರಹಾಂ ಫ್ಲೆಕ್ಸ್ನರ್ ಅವರಿಂದ ವೈದ್ಯಕೀಯ ಶಾಲೆಗಳ ವರದಿ ಬರೆಸಿತು. ಅಮೆರಿಕದ ವೈದ್ಯಕೀಯ ಓದನ್ನು ರಿಪೇರಿ ಮಾಡಿದ ವರದಿ ಅಂತ ಇವತ್ತಿಗೂ ಅದಕ್ಕೆ ಹೆಸರಿದೆ. ಕಳಪೆ ಶಾಲೆಗಳು ಮುಚ್ಚಿದವು, ನಿಜ. ಆದರೆ ಆಗಿದ್ದ ಏಳು ಕಪ್ಪು ವೈದ್ಯಕೀಯ ಶಾಲೆಗಳಲ್ಲಿ ಕೊನೆಗೆ ಉಳಿದದ್ದು ಎರಡೇ, ವಾಷಿಂಗ್ಟನ್ನಿನ ಹವರ್ಡ್ ಮತ್ತು ನ್ಯಾಶ್‌ವಿಲ್‌ನ ಮೆಹಾರಿ. ಕಪ್ಪು ವೈದ್ಯರಿಗೆ ಮುಖ್ಯವಾಗಿ ಸ್ವಚ್ಛತೆ, ಆರೋಗ್ಯ ರಕ್ಷಣೆಯ ಪಾಠ ಸಾಕು ಅನ್ನುವ ಧಾಟಿ ಆ ವರದಿಯಲ್ಲಿತ್ತು. ಮುಚ್ಚಿದ ಐದು ಶಾಲೆಗಳು ಉಳಿದಿದ್ದರೆ 35 ಸಾವಿರದಷ್ಟು ವೈದ್ಯರು ಜಾಸ್ತಿ ತಯಾರಾಗುತ್ತಿದ್ದರು ಎಂದು 2020ರ ಒಂದು ಅಧ್ಯಯನ ಲೆಕ್ಕ ಹಾಕಿತು. ಆ ಮಂಡಳಿಯಲ್ಲಿ ಒಬ್ಬ ಕಪ್ಪು ವೈದ್ಯ ಇದ್ದಿದ್ದರೆ ಎಲ್ಲ ಬದಲಾಗುತ್ತಿತ್ತು ಅಂತ ನಾನು ಹೇಳಲಾರೆ. ಕೇಳುವ ಬಾಯಿಯಾದರೂ ಒಂದು ಇರುತ್ತಿತ್ತು.

1950, 60ರ ದಶಕದಲ್ಲಿ ಈ ಹೋರಾಟ ಹೊತ್ತವರಲ್ಲಿ ಮೊಂಟೇಗ್ ಕಾಬ್ ದೊಡ್ಡ ಹೆಸರು. ಹವರ್ಡ್‌ನಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದರು. ಆಸ್ಪತ್ರೆಗಳಲ್ಲಿನ ಬಣ್ಣಭೇದ ಹೋಗಬೇಕು ಅಂತ 1957ರಿಂದ 63ರವರೆಗೆ ವರ್ಷ ವರ್ಷ ಸಮಾವೇಶ ಕರೆದರು. ಇತ್ತ ಉತ್ತರ ಕ್ಯಾರೊಲಿನಾದ ಗ್ರೀನ್ಸ್‌ಬರೋದಲ್ಲಿ ಜಾರ್ಜ್ ಸಿಮ್ಕಿನ್ಸ್ ಎಂಬ ಹಲ್ಲಿನ ವೈದ್ಯರು, ಸರ್ಕಾರದ ದುಡ್ಡು ತಿಂದು ಕಪ್ಪು ಜನರನ್ನು ಹೊರಗಿಡುತ್ತಿದ್ದ ಆಸ್ಪತ್ರೆಗಳ ಮೇಲೆ ಬೇರೆ ವೈದ್ಯರ, ರೋಗಿಗಳ ಜೊತೆ ಸೇರಿ ಕೇಸು ಹಾಕಿ 1963ರಲ್ಲಿ ಗೆದ್ದರು. ಅದೇ ವರ್ಷ ಅಟ್ಲಾಂಟಿಕ್ ಸಿಟಿಯಲ್ಲಿ ದೊಡ್ಡ ಸಂಘದ ಸಮ್ಮೇಳನದ ಹೊರಗೆ ವೈದ್ಯರೇ ಫಲಕ ಹಿಡಿದು ನಿಂತರು.

ನಂತರ 1965 ಬಂತು. ವಯಸ್ಸಾದವರಿಗೆ ಸರ್ಕಾರಿ ವಿಮೆ ಕೊಡುವ ಮೆಡಿಕೇರ್ ಕಾನೂನಾಯಿತು. ದೊಡ್ಡ ಸಂಘ ಅದನ್ನು ಬಲವಾಗಿ ವಿರೋಧಿಸಿತ್ತು, ಕಪ್ಪು ವೈದ್ಯರ ಸಂಘ ಬೆಂಬಲಿಸಿತ್ತು. ಮೆಡಿಕೇರ್ ಹಣ ಬೇಕಾದರೆ ಆಸ್ಪತ್ರೆ ಬಣ್ಣಭೇದ ಬಿಡಬೇಕು ಅಂತ ಸರ್ಕಾರ ಹೇಳಿತು. ನೂರು ವರ್ಷ ಆಗದ ಕೆಲಸ ಸಾವಿರಾರು ಆಸ್ಪತ್ರೆಗಳಲ್ಲಿ ಕೆಲವೇ ತಿಂಗಳಲ್ಲಿ ಆಯಿತು. ದುಡ್ಡಿನ ಮಾತಿಗೆ ಕಿವಿ ಬೇಗ ತೆರೆಯುತ್ತದೆ.

ಅದೇ 1965ರಲ್ಲಿ ಅಮೆರಿಕದ ವಲಸೆ ಕಾನೂನೂ ಬದಲಾಯಿತು. ನಮ್ಮ ಮೈಸೂರು, ಬೆಂಗಳೂರು, ಮಣಿಪಾಲ, ಹುಬ್ಬಳ್ಳಿಯ ಮೆಡಿಕಲ್ ಕಾಲೇಜುಗಳಲ್ಲಿ ಓದಿದವರು ದೊಡ್ಡ ಸಂಖ್ಯೆಯಲ್ಲಿ ವಿಮಾನ ಹತ್ತಿದ್ದು ಆಮೇಲೆಯೇ. ಅವರು ಕೆಲಸಕ್ಕೆ ಸೇರಿದ ಎಷ್ಟೋ ಆಸ್ಪತ್ರೆಗಳಲ್ಲಿ ಎರಡು ಮೂರು ವರ್ಷ ಮೊದಲು ಅಲ್ಲೇ ಹುಟ್ಟಿದ ಕಪ್ಪು ವೈದ್ಯನಿಗೆ ಪ್ರವೇಶವಿರಲಿಲ್ಲ. ನಮ್ಮವರ ಅಮೆರಿಕ ಯಶಸ್ಸಿನ ಕಥೆಗಳಲ್ಲಿ ಈ ಸಾಲು ಸಾಮಾನ್ಯವಾಗಿ ಕಾಣುವುದಿಲ್ಲ. ಹಾಗಂತ ನಮ್ಮವರಿಗೆ ದಾರಿ ಹೂವಿನದಾಗಿತ್ತು ಅಂತಲ್ಲ. ವಿದೇಶದಲ್ಲಿ ಓದಿದವರು ಅನ್ನುವ ತಾತ್ಸಾರ ಇತ್ತು. 1982ರಲ್ಲಿ ಭಾರತೀಯ ಮೂಲದ ವೈದ್ಯರು ತಮ್ಮದೇ ಸಂಘ ಕಟ್ಟಿಕೊಂಡರು.

1968ರಲ್ಲಿ ದೊಡ್ಡ ಸಂಘ ತನ್ನ ನಿಯಮ ತಿದ್ದಿತು. ಜನಾಂಗ ನೋಡಿ ಸದಸ್ಯರನ್ನು ತಡೆಯುವ ಸ್ಥಳೀಯ ಸಂಘವನ್ನು ಇನ್ನು ಹೊರಹಾಕಬಹುದಿತ್ತು. ಆದರೆ ಮೊದಲ ಕಪ್ಪು ಅಧ್ಯಕ್ಷ ಲಾನಿ ಬ್ರಿಸ್ಟೊ ಕುರ್ಚಿ ಹಿಡಿದದ್ದು 1995ರಲ್ಲಿ. ನಡುವೆ 27 ವರ್ಷ. ಯಾಕೆ ಇಷ್ಟು ತಡ? ಈ ಸಂಘದ ಮೇಲಿನ ಸ್ಥಾನಗಳು ಒಂದು ಉದ್ದ ಏಣಿ. ಮೊದಲು ಕೌಂಟಿ ಸಂಘ, ಆಮೇಲೆ ರಾಜ್ಯ, ಪ್ರತಿನಿಧಿ ಸಭೆ, ಸಮಿತಿ, ಆಡಳಿತ ಮಂಡಳಿ. ಪ್ರತಿ ಮೆಟ್ಟಿಲಲ್ಲೂ ಗುರುತಿನವರು ಬೇಕು, ಓಟು ಬೇಕು, ರೋಗಿಗಳನ್ನು ಬಿಟ್ಟು ಸಭೆಗೆ ಹೋಗುವಷ್ಟು ಬಿಡುವು ಬೇಕು. ಬ್ರಿಸ್ಟೊ ವೈದ್ಯರಾದದ್ದು 1957ರಲ್ಲಿ, ಆಡಳಿತ ಮಂಡಳಿಗೆ ಬಂದದ್ದು 1985ರಲ್ಲಿ. ಹೀಗಾಗಿ ಇವತ್ತಿನ ಅಧ್ಯಕ್ಷರ ಫೋಟೋ ನೋಡಿದರೆ ಗೊತ್ತಾಗುವುದು ಮೂವತ್ತು ನಲವತ್ತು ವರ್ಷದ ಹಿಂದೆ ಯಾರಿಗೆ ಕಾಲೇಜು ಸೀಟು ಸಿಕ್ಕಿತ್ತು ಅನ್ನುವುದು. ಅದಕ್ಕೇ ಈ ಮೊಟ್ಟಮೊದಲಿಗರ ಸುದ್ದಿಗೆ ನಾನು ಬೇಗ ಚಪ್ಪಾಳೆ ಹೊಡೆಯುವುದಿಲ್ಲ.

ಮಂಡ್ಯದ ಹಲ್ಲೇಗೆರೆ ಮೂಲದ ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಜನಾರೋಗ್ಯದ ವಿಷಯದಲ್ಲಿ ಸರ್ಕಾರದ ಮುಖ್ಯ ವಕ್ತಾರ, ಆದಾಗ ನಮ್ಮ ಪತ್ರಿಕೆಗಳು ಸಂಭ್ರಮಿಸಿದವು, ಸರಿಯೇ. ಆದರೆ ಅದು ದೇಶದ ಅಧ್ಯಕ್ಷರು ಹೆಸರಿಸಿ ಸೆನೆಟ್ ಒಪ್ಪುವ ಹುದ್ದೆ. ಸಂಘದ ಕುರ್ಚಿ ಸಹೋದ್ಯೋಗಿಗಳ ಓಟಿನದು, ಅದರ ದಾರಿ ಬೇರೆ.

ಕುರ್ಚಿಯಿಂದ ಏನೂ ಆಗುವುದಿಲ್ಲ ಅಂತ ತಿಳಿಯಬೇಡಿ. ಬ್ರಿಟನ್ನಿನಲ್ಲಿ 2020ರ ಏಪ್ರಿಲ್‌ನಲ್ಲಿ, ಕೊರೊನಾದಿಂದ ಸತ್ತ ಮೊದಲ ಹತ್ತು ವೈದ್ಯರೂ ಅಲ್ಪಸಂಖ್ಯಾತ ಜನಾಂಗಗಳವರು ಅನ್ನುವುದನ್ನು ಎತ್ತಿ ಹೇಳಿ, ತನಿಖೆ ಆಗಲಿ ಎಂದು ಪಟ್ಟು ಹಿಡಿದವರು ಚಾಂದ್ ನಾಗಪಾಲ್. ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ನಿನ ಮಂಡಳಿಗೆ ಅಂಥ ಹಿನ್ನೆಲೆಯಿಂದ ಬಂದ ಮೊದಲ ಅಧ್ಯಕ್ಷರು ಅವರು. ಸರ್ಕಾರ ಅದೇ ತಿಂಗಳು ಪರಿಶೀಲನೆಗೆ ಒಪ್ಪಿತು.

ಅಮೆರಿಕದ ಸಂಘ 2008ರಲ್ಲಿ ತನ್ನ ಹಳೆಯ ನಡತೆಗೆ ಬಹಿರಂಗವಾಗಿ ಕ್ಷಮೆ ಕೇಳಿತು. 2019ರಲ್ಲಿ ಮನೋವೈದ್ಯೆ ಪ್ಯಾಟ್ರಿಸ್ ಹ್ಯಾರಿಸ್ ಮೊದಲ ಕಪ್ಪು ಅಧ್ಯಕ್ಷೆಯಾದರು. ಸಂಘದ ಪಿತಾಮಹ ಅನ್ನಿಸಿಕೊಂಡಿದ್ದ, 1870ರ ಆ ನಿರ್ಧಾರದಲ್ಲಿ ಕೈಯಿದ್ದ ನೇಥನ್ ಡೇವಿಸ್ ಅವರ ಪ್ರತಿಮೆಯನ್ನು 2021ರಲ್ಲಿ ಕಚೇರಿಯಿಂದ ತೆಗೆದರು. 2025ರ ಜೂನ್‌ನಲ್ಲಿ ಮಿಷಿಗನ್‌ನ ಫ್ಲಿಂಟ್ ಊರಿನ ಬಾಬಿ ಮುಕ್ಕಾಮಲ ಅಧ್ಯಕ್ಷರಾದರು. ಭಾರತದಿಂದ ಹೋದ ವೈದ್ಯ ದಂಪತಿಯ ಮಗ, ಆ ಕುರ್ಚಿಗೆ ಬಂದ ಮೊದಲ ಭಾರತೀಯ ಮೂಲದವರು. ಅದೇ ಸಭೆ ಅವರ ನಂತರದ ಸರದಿಗೆ ಆರಿಸಿದ್ದು ಬಾಲ್ಟಿಮೋರ್‌ನ ವಿಲ್ಲಾರ್ಡಾ ಎಡ್ವರ್ಡ್ಸ್ ಅವರನ್ನು. ಇವರು ಹಿಂದೆ ಕಪ್ಪು ವೈದ್ಯರ ಆ ಇನ್ನೊಂದು ಸಂಘಕ್ಕೂ ಅಧ್ಯಕ್ಷೆಯಾಗಿದ್ದವರು.

ಇತ್ತ ಏಣಿಯ ಕೆಳಗೆ ನೋಡಿ. ಅಮೆರಿಕದ ಜನರಲ್ಲಿ ಕಪ್ಪು ಜನಾಂಗದವರು ಶೇ. 13ರಷ್ಟು, ವೈದ್ಯರಲ್ಲಿ ಶೇ. 6ರ ಆಸುಪಾಸು. ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಅಂತ 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷ ವೈದ್ಯಕೀಯ ಕಾಲೇಜು ಸೇರಿದ ಕಪ್ಪು ವಿದ್ಯಾರ್ಥಿಗಳ ಸಂಖ್ಯೆ ಶೇ. 11ಕ್ಕೂ ಜಾಸ್ತಿ ಇಳಿಯಿತು. ಆ ತರಗತಿಯವರು ವೈದ್ಯರಾಗುವುದು 2028ರಲ್ಲಿ. ಬ್ರಿಸ್ಟೊ ಅವರಿಗೆ ಹಿಡಿದಷ್ಟೇ ಕಾಲ ಹಿಡಿದರೆ, ಅವರಲ್ಲೊಬ್ಬರ ಹೆಸರು ಅಧ್ಯಕ್ಷ ಸ್ಥಾನಕ್ಕೆ ಬರುವುದು 2066ರಲ್ಲಿ.

ನಮಸ್ಕಾರ.