ಒಂದು ಕುಲುಮೆ, ಮೂವರು ಒಡೆಯರು: ಪಿಕಾಲ್ಯೋವೊ ಎಂಬ ಕಾರ್ಖಾನೆ ಊರಿನ ಕಥೆ

ಮಾನ್ಯ ಅಧ್ಯಕ್ಷರೇ, ಆತ್ಮೀಯ ಸಭಿಕರೇ,

ರಷ್ಯಾದ ಲೆನಿನ್‌ಗ್ರಾದ್ ಪ್ರಾಂತ್ಯದಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಪೂರ್ವಕ್ಕೆ ಸುಮಾರು 250 ಕಿಲೋಮೀಟರ್ ದೂರದಲ್ಲಿ, ವೊಲೊಗ್ದಾ ಕಡೆಗೆ ಸಾಗುವ ರೈಲುಮಾರ್ಗದ ಮೇಲೆ ಪಿಕಾಲ್ಯೋವೊ ಎಂಬ ಊರಿದೆ. ಅಲ್ಲಿ ವಾಸಿಸುವವರು ಇಪ್ಪತ್ತು ಸಾವಿರದ ಆಸುಪಾಸು ಜನ. 2009ರ ಜೂನ್ ತಿಂಗಳಲ್ಲಿ ಈ ಊರಿನ ಹೆಸರು ಕೆಲವು ದಿನ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಂಡಿತು. ಅಂದಿನ ಪ್ರಧಾನಿ ವ್ಲಾದಿಮಿರ್ ಪುಟಿನ್ ಅಲ್ಲಿಗೆ ಬಂದು, ದೇಶದ ಅತಿ ಶ್ರೀಮಂತರಲ್ಲೊಬ್ಬರಾದ ಒಲೆಗ್ ದೆರಿಪಾಸ್ಕಾ ಅವರಿಂದ ಒಪ್ಪಂದಕ್ಕೆ ಸಹಿ ಹಾಕಿಸಿದ ದೃಶ್ಯ ದೂರದರ್ಶನದಲ್ಲಿ ಪ್ರಸಾರವಾಗಿತ್ತು. ಹೆಚ್ಚಿನವರ ನೆನಪಿನಲ್ಲಿ ಉಳಿದದ್ದು ಆ ದೃಶ್ಯವಷ್ಟೆ. ಅಂಥದೊಂದು ದಿನ ಬರುವಂತೆ ಮಾಡಿದ ಆರ್ಥಿಕ ಕಾರಣಗಳು ಯಾವುವು ಎಂಬುದನ್ನು ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ. ಈ ಊರು ಹಳೆಯ ಯಂತ್ರಗಳಿಂದಲೋ ಕೆಲಸಗಾರರ ಅಸಾಮರ್ಥ್ಯದಿಂದಲೋ ಕುಸಿಯಲಿಲ್ಲ. ಭಾಗ ಮಾಡಲು ಬಾರದ ಒಂದು ಉತ್ಪಾದನೆಯನ್ನು ಕಾಗದದ ಮೇಲೆ ಭಾಗ ಮಾಡಿದ್ದರಿಂದ ಕುಸಿಯಿತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸೋವಿಯತ್ ದೇಶಕ್ಕೆ ವಿಮಾನ ಕಟ್ಟಲು, ವಿದ್ಯುತ್ ತಂತಿ ಎಳೆಯಲು ಅಲ್ಯೂಮಿನಿಯಂ ಬೇಕಾಗಿತ್ತು. ಅಲ್ಯೂಮಿನಿಯಂಗೆ ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್ ಬೇಕು, ಅಲ್ಯೂಮಿನಾಗೆ ಸಾಮಾನ್ಯವಾಗಿ ಬಾಕ್ಸೈಟ್ ಎಂಬ ಅದಿರು ಬೇಕು. ಅದೇ ಪ್ರಾಂತ್ಯದ ತಿಖ್ವಿನ್ ಪಟ್ಟಣದ ಸುತ್ತಮುತ್ತ 1916ರಲ್ಲಿ ಬಾಕ್ಸೈಟ್ ನಿಕ್ಷೇಪ ಪತ್ತೆಯಾಗಿತ್ತು. ಅದನ್ನು ನಂಬಿಕೊಂಡು 1932ರಲ್ಲಿ ವೋಲ್ಖೊವ್‌ನಲ್ಲಿ ದೇಶದ ಮೊದಲ ಅಲ್ಯೂಮಿನಿಯಂ ಕಾರ್ಖಾನೆ, 1938ರಲ್ಲಿ ಬೊಕ್ಸಿತೊಗೊರ್ಸ್ಕ್‌ನಲ್ಲಿ ಅಲ್ಯೂಮಿನಾ ಕಾರ್ಖಾನೆ ತಲೆಯೆತ್ತಿದವು. ಆದರೆ ಆ ಅದಿರಿನಲ್ಲಿ ಸಿಲಿಕಾ ಎಂಬ ಬೇಡದ ಅಂಶ ಹೆಚ್ಚು, ಪ್ರಮಾಣವೂ ಸೀಮಿತ. ಒಳ್ಳೆಯ ಬಾಕ್ಸೈಟ್ ವಿಷಯದಲ್ಲಿ ಆ ವಿಶಾಲ ದೇಶ ಬಡದೇಶವೇ ಆಗಿತ್ತು.

ಉತ್ತರದಲ್ಲಿ, ಧ್ರುವವೃತ್ತದ ಆಚೆಗಿರುವ ಕೋಲಾ ಪರ್ಯಾಯದ್ವೀಪದ ಖಿಬಿನಿ ಬೆಟ್ಟಗಳಲ್ಲಿ, ಖನಿಜಶಾಸ್ತ್ರಜ್ಞ ಅಲೆಕ್ಸಾಂದ್ರ್ ಫೆರ್ಸ್‌ಮನ್ ಮತ್ತು ಅವರ ಸಂಗಡಿಗರು 1920ರ ದಶಕದಲ್ಲಿ ಅಪಟೈಟ್ ಎಂಬ ರಂಜಕದ ಅದಿರಿನ ಭಾರೀ ನಿಕ್ಷೇಪಗಳನ್ನು ಗುರುತಿಸಿದರು. 1929ರಲ್ಲಿ ಅದನ್ನು ತೆಗೆಯಲು ಸಂಸ್ಥೆ ಸ್ಥಾಪನೆಯಾಯಿತು. ಅಪಟೈಟ್ ರಸಗೊಬ್ಬರಕ್ಕೆ ಹೋಯಿತು. ಅದನ್ನು ಬೇರ್ಪಡಿಸಿದ ಮೇಲೆ ಉಳಿಯುತ್ತಿದ್ದ ಬೂದುಬಣ್ಣದ ಮರಳಿನಂಥ ಪದಾರ್ಥದಲ್ಲಿ ನೆಫೆಲೀನ್ ಎಂಬ ಖನಿಜವಿತ್ತು, ನೆಫೆಲೀನ್‌ನಲ್ಲಿ ಅಲ್ಯೂಮಿನಿಯಂ ಇತ್ತು. ಅದಿರಿನ ಯಾವ ಭಾಗವನ್ನೂ ಕಸವೆಂದು ಎಸೆಯಬಾರದು, ಒಂದು ಉದ್ಯಮದ ಉಳಿಕೆ ಇನ್ನೊಂದರ ಕಚ್ಚಾವಸ್ತುವಾಗಬೇಕು ಎಂದು ಫೆರ್ಸ್‌ಮನ್ 1930ರ ದಶಕದಲ್ಲೇ ವಾದಿಸಿದ್ದರು. ಪಿಕಾಲ್ಯೋವೊ ಆ ವಾದದ ಕೂಸು. ಊರಿನ ಪಕ್ಕದಲ್ಲೇ ಒಳ್ಳೆಯ ಸುಣ್ಣಕಲ್ಲು ಇತ್ತು, ರೈಲು ಇತ್ತು. 1930ರ ದಶಕದಲ್ಲಿ ಆರಂಭವಾದ ಸಿಮೆಂಟ್ ಕಾರ್ಖಾನೆಯ ಕಟ್ಟಡ ಕೆಲಸ ಯುದ್ಧದಿಂದಾಗಿ ನಿಂತುಹೋಗಿ, ಆಮೇಲೆ ಮುಂದುವರಿಯಿತು. 1954ರಲ್ಲಿ ಪಿಕಾಲ್ಯೋವೊಗೆ ನಗರದ ಸ್ಥಾನ ದೊರೆಯಿತು. 1957ರಲ್ಲಿ ಸಿಮೆಂಟ್, 1959ರಲ್ಲಿ ಅಲ್ಯೂಮಿನಾ ಉತ್ಪಾದನೆ ಶುರುವಾಯಿತು.

ಇಲ್ಲಿ ನಡೆಯುವ ಪ್ರಕ್ರಿಯೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಊರಿನ ಮುಂದಿನ ಚರಿತ್ರೆಯೆಲ್ಲ ಇದರಲ್ಲೇ ಅಡಗಿದೆ. ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಿಂದ ರೈಲಿನಲ್ಲಿ ಬಂದ ನೆಫೆಲೀನನ್ನು ಸ್ಥಳೀಯ ಸುಣ್ಣಕಲ್ಲಿನ ಜೊತೆ ಅರೆದು, ತಿರುಗುವ ಉದ್ದನೆಯ ಕುಲುಮೆಗಳಲ್ಲಿ 1,200 ಡಿಗ್ರಿಗೂ ಮೀರಿದ ಶಾಖದಲ್ಲಿ ಸುಡುತ್ತಾರೆ. ಹಾಗೆ ಬೆಂದ ಪದಾರ್ಥವನ್ನು ಕ್ಷಾರದ ನೀರಿನಲ್ಲಿ ತೊಳೆದಾಗ ಅಲ್ಯೂಮಿನಿಯಂ, ಸೋಡಿಯಂ ಮತ್ತು ಪೊಟ್ಯಾಶಿಯಂ ದ್ರಾವಣಕ್ಕೆ ಇಳಿಯುತ್ತವೆ. ಸುಣ್ಣ ಮತ್ತು ಸಿಲಿಕಾ ಕೂಡಿದ ಕೆಸರು ತಳದಲ್ಲಿ ಉಳಿಯುತ್ತದೆ. ಕುಲುಮೆಯಿಂದಲೇ ಹೊರಬರುವ ಇಂಗಾಲದ ಡೈಆಕ್ಸೈಡನ್ನು ದ್ರಾವಣದೊಳಕ್ಕೆ ಹಾಯಿಸಿ ಅಲ್ಯೂಮಿನಿಯಂ ಹೈಡ್ರಾಕ್ಸೈಡನ್ನು ಬೇರ್ಪಡಿಸಿ, ಅದನ್ನು ಮತ್ತೆ ಸುಟ್ಟು ಅಲ್ಯೂಮಿನಾ ಮಾಡುತ್ತಾರೆ. ಉಳಿದ ದ್ರಾವಣವನ್ನು ಆವಿಯಾಗಿಸಿದರೆ ಸೋಡಾ ಮತ್ತು ಪೊಟ್ಯಾಶ್ ಸಿಗುತ್ತವೆ. ತಳದ ಕೆಸರು ಸಿಮೆಂಟಿಗೆ ಹೇಳಿ ಮಾಡಿಸಿದ ಕಚ್ಚಾವಸ್ತು. ಒಂದು ಟನ್ ಅಲ್ಯೂಮಿನಾ ತೆಗೆಯಲು ಸುಮಾರು 4 ಟನ್ ನೆಫೆಲೀನ್, 7ರಿಂದ 8 ಟನ್ ಸುಣ್ಣಕಲ್ಲು ಬೇಕು. ಅದರ ಜೊತೆಯಲ್ಲೇ 9ರಿಂದ 10 ಟನ್ ಸಿಮೆಂಟಿಗೆ ಸಾಕಾಗುವ ಕೆಸರು ಹುಟ್ಟುತ್ತದೆ. ಅಲ್ಯೂಮಿನಾ ಒಂದನ್ನೇ ಲೆಕ್ಕಕ್ಕೆ ತೆಗೆದುಕೊಂಡರೆ ಇದು ಬಾಕ್ಸೈಟ್ ವಿಧಾನಕ್ಕಿಂತ ದುಬಾರಿ. ನಾಲ್ಕೂ ಸರಕುಗಳನ್ನು ಒಟ್ಟಿಗೆ ಮಾರಿದಾಗ ಮಾತ್ರ ಲೆಕ್ಕ ಸರಿದೂಗುತ್ತದೆ. ಮನುಷ್ಯನ ಬುದ್ಧಿ ಕಸವನ್ನು ರಸ ಮಾಡಿದ ಈ ಏರ್ಪಾಡಿನ ಬಗ್ಗೆ ನನಗೆ ಅಪಾರ ಗೌರವವಿದೆ.

ಸೋವಿಯತ್ ಕಾಲದ ಕಾರ್ಖಾನೆ ಸಂಬಳ ಕೊಟ್ಟು ಕೈತೊಳೆದುಕೊಳ್ಳುತ್ತಿರಲಿಲ್ಲ. ವಸತಿಗೃಹ, ಶಿಶುವಿಹಾರ, ಸಂಸ್ಕೃತಿ ಭವನ ಎಲ್ಲವೂ ಅದರ ಆಸರೆಯಲ್ಲೇ ಬೆಳೆದವು. ಎಲ್ಲಕ್ಕಿಂತ ಮುಖ್ಯವಾಗಿ, ಮನೆಗಳಿಗೆ ಬಿಸಿನೀರನ್ನೂ ಚಳಿಗಾಲದ ಶಾಖವನ್ನೂ ಕೊಳವೆಗಳ ಮೂಲಕ ಹರಿಸುತ್ತಿದ್ದುದು ಕಾರ್ಖಾನೆಯ ವಿದ್ಯುತ್ ಸ್ಥಾವರವೇ. ಕಾರ್ಖಾನೆಯ ಉರಿ ಆರಿದರೆ ಮನೆಯ ಗೋಡೆಯೂ ತಣ್ಣಗಾಗುವಂತೆ ಆ ಊರನ್ನು ಕಟ್ಟಲಾಗಿತ್ತು.

ಸೋವಿಯತ್ ಒಕ್ಕೂಟ ಒಡೆದ ಮೇಲೂ ಈ ಸಂಕೀರ್ಣ ಹೇಗೋ ಉಳಿದುಕೊಂಡಿತು. ನಿಜವಾದ ಪೆಟ್ಟು ಬಿದ್ದದ್ದು ಅನಂತರ, 2000ದ ದಶಕದಲ್ಲಿ, ದೇಶದ ಆರ್ಥಿಕತೆ ಚೇತರಿಸಿಕೊಳ್ಳುತ್ತಿದ್ದಾಗ. ಒಂದೇ ಆವರಣದ ಉದ್ಯಮ ಮೂರು ಕಂಪನಿಗಳಾಯಿತು. ಅಲ್ಯೂಮಿನಾ ಭಾಗ ಕೈಯಿಂದ ಕೈಗೆ ದಾಟಿ ಕೊನೆಗೆ ದೆರಿಪಾಸ್ಕಾ ಅವರ ಉದ್ಯಮ ಸಮೂಹದ ಬಾಜೆಲ್‌ಸಿಮೆಂಟ್ ಕಂಪನಿಗೆ ಸೇರಿತು. ಸಿಮೆಂಟ್ ಭಾಗ ಯೂರೋಸಿಮೆಂಟ್ ಕಂಪನಿಯ ಪಾಲಾಯಿತು. ಸೋಡಾ ಮತ್ತು ಪೊಟ್ಯಾಶ್ ಭಾಗ ಮೆಟಾಖಿಮ್ ಎಂಬ ಹೆಸರಿನಲ್ಲಿ ಫೋಸ್‌ಆಗ್ರೋ ಎಂಬ ರಸಗೊಬ್ಬರ ಕಂಪನಿಯ ವಲಯಕ್ಕೆ ಹೋಯಿತು. ಖಿಬಿನಿಯ ನೆಫೆಲೀನ್ ಇದ್ದದ್ದೂ ಫೋಸ್‌ಆಗ್ರೋ ಕೈಯಲ್ಲೇ. ಒಂದೇ ಕಡೆಗೋಲಿನಿಂದ ಬರುವ ಬೆಣ್ಣೆಗೆ ಒಬ್ಬ ಯಜಮಾನ, ಮಜ್ಜಿಗೆಗೆ ಇನ್ನೊಬ್ಬ ಎಂದು ಪತ್ರ ಬರೆದುಕೊಂಡರೆ, ಕಡೆಯುವ ಖರ್ಚು ಯಾರದು ಎಂಬ ಜಗಳ ತಪ್ಪುವುದುಂಟೇ?

ಮಾರುಕಟ್ಟೆ ಬೆಲೆಯನ್ನು ತಾನೇ ತೀರ್ಮಾನಿಸುತ್ತದೆ ಎಂಬ ಮಾತು ಇಲ್ಲಿ ಕೆಲಸಕ್ಕೆ ಬಾರದು. ಪಿಕಾಲ್ಯೋವೊದ ಕೆಸರನ್ನು ಕೊಳ್ಳಲು ಪಕ್ಕದ ಸಿಮೆಂಟ್ ಕಾರ್ಖಾನೆ ಬಿಟ್ಟರೆ ಬೇರೆ ಗಿರಾಕಿ ಇರಲಿಲ್ಲ. ಆ ಸಿಮೆಂಟ್ ಕಾರ್ಖಾನೆಗೂ ಬೇರೆ ಕಡೆಯಿಂದ ಕೆಸರು ತರಿಸುವ ದಾರಿ ಇರಲಿಲ್ಲ. ನೆಫೆಲೀನ್ ಮಾರುವವರು ಒಬ್ಬರೇ, ಅದನ್ನು ಕೊಳ್ಳುವವರೂ ಬೆರಳೆಣಿಕೆಯಷ್ಟು. ಕುಲುಮೆಯ ಇಂಧನದ ವೆಚ್ಚದಲ್ಲಿ ಎಷ್ಟು ಪಾಲನ್ನು ಅಲ್ಯೂಮಿನಾದ ಮೇಲೆ, ಎಷ್ಟನ್ನು ಸಿಮೆಂಟಿನ ಮೇಲೆ ಹೊರಿಸಬೇಕು ಎಂಬುದಕ್ಕೆ ಯಾವ ಲೆಕ್ಕಪರಿಶೋಧಕನೂ ವಿವಾದವಿಲ್ಲದ ಉತ್ತರ ಕೊಡಲಾರ. ಒಬ್ಬನೇ ಒಡೆಯನಿದ್ದಾಗ ಈ ಪ್ರಶ್ನೆ ಲೆಕ್ಕದ ಪುಸ್ತಕದೊಳಗಿನ ಅಂಕಿಯಾಗಿತ್ತು, ಮೂವರಾದಾಗ ಅದು ಯುದ್ಧವಾಯಿತು.

2008ರ ಮಧ್ಯದಲ್ಲಿ ಟನ್ನಿಗೆ 3,000 ಡಾಲರ್ ದಾಟಿದ್ದ ಅಲ್ಯೂಮಿನಿಯಂ ಬೆಲೆ 2009ರ ಆರಂಭಕ್ಕೆ 1,500 ಡಾಲರಿಗಿಂತ ಕೆಳಗಿಳಿಯಿತು. ಬೆಲೆ ಏರುತ್ತಿದ್ದಾಗ ಮುಚ್ಚಿಹೋಗಿದ್ದ ಜಗಳ ಬಯಲಿಗೆ ಬಂತು. ನೆಫೆಲೀನ್ ಬೆಲೆಯ ಬಗ್ಗೆ ಒಮ್ಮತವಾಗಲಿಲ್ಲ. ಕೆಲವೇ ತಿಂಗಳುಗಳಲ್ಲಿ ಮೂರೂ ಕಾರ್ಖಾನೆಗಳು ನಿಂತವು. ನಾಲ್ಕು ಸಾವಿರಕ್ಕೂ ಹೆಚ್ಚು ಕೆಲಸಗಾರರು ಕೆಲಸ ಕಳೆದುಕೊಂಡರು, ಇಲ್ಲವೇ ಸಂಬಳವಿಲ್ಲದೆ ಕಾಯುತ್ತ ಕುಳಿತರು. ಮೇ ತಿಂಗಳಲ್ಲಿ ಅನಿಲದ ಬಾಕಿ ತೀರಿಸಿಲ್ಲವೆಂಬ ಕಾರಣಕ್ಕೆ ವಿದ್ಯುತ್ ಸ್ಥಾವರ ಸ್ಥಗಿತಗೊಂಡು, ಇಡೀ ಊರಿನ ಬಿಸಿನೀರು ನಿಂತಿತು. ಕಾರ್ಖಾನೆಗೆ ಸಂಬಂಧವೇ ಇಲ್ಲದ ಶಾಲಾ ಶಿಕ್ಷಕರ ಮನೆಯಲ್ಲೂ, ನಿವೃತ್ತರ ಮನೆಯಲ್ಲೂ ನಲ್ಲಿ ತಣ್ಣಗಾಯಿತು.

ಜನ ಮೊದಲು ಮನವಿ ಸಲ್ಲಿಸಿದರು, ಸಭೆ ಸೇರಿದರು. ಮೇ 20ರಂದು ಆಡಳಿತ ಕಚೇರಿಯಲ್ಲಿ ನಡೆಯುತ್ತಿದ್ದ ಸಭೆಯೊಳಕ್ಕೇ ನುಗ್ಗಿದರು. ಪ್ರಯೋಜನವಾಗಲಿಲ್ಲ. ಜೂನ್ 2ರಂದು ನೂರಾರು ಜನ ವೊಲೊಗ್ದಾ–ನೋವಾಯಾ ಲಾದೊಗಾ ಹೆದ್ದಾರಿಗೆ ಇಳಿದು, ಗಂಟೆಗಟ್ಟಲೆ ವಾಹನ ಸಂಚಾರ ತಡೆದರು. ಎರಡೇ ದಿನಗಳಲ್ಲಿ, ಜೂನ್ 4ರಂದು, ಪ್ರಧಾನಿ ಬಂದರು. ಮಾಲೀಕರ ದುರಾಸೆಯನ್ನು ಕಟುವಾಗಿ ಟೀಕಿಸಿದರು. 4 ಕೋಟಿ ರೂಬಲ್‌ಗೂ ಹೆಚ್ಚಿನ ಸಂಬಳದ ಬಾಕಿಯನ್ನು ಅದೇ ದಿನ ಪಾವತಿಸಬೇಕೆಂದು ಆಜ್ಞಾಪಿಸಿದರು. ಕಚ್ಚಾವಸ್ತು ಪೂರೈಕೆಯ ಒಪ್ಪಂದಕ್ಕೆ ದೆರಿಪಾಸ್ಕಾ ಸಹಿ ಹಾಕಿದ ಮೇಲೆ, ತನ್ನ ಪೆನ್ನನ್ನು ಹಿಂತಿರುಗಿಸುವಂತೆ ಪುಟಿನ್ ಹೇಳಿದ್ದು ಕ್ಯಾಮೆರಾದಲ್ಲಿ ದಾಖಲಾಯಿತು.

ಆ ಪೆನ್ನಿನ ಪ್ರಸಂಗಕ್ಕೆ ಸಿಕ್ಕಷ್ಟು ಪ್ರಚಾರ ಹೆದ್ದಾರಿಯಲ್ಲಿ ನಿಂತವರಿಗೆ ಸಿಗಲಿಲ್ಲವೆಂಬುದು ನನಗೆ ನೋವಿನ ಸಂಗತಿ. ಒಪ್ಪಂದವನ್ನು ಸಾಧ್ಯವಾಗಿಸಿದವರು ಅವರೇ. ಕಾನೂನಿನ ಪ್ರಕಾರ ಅವರು ಮಾಡಿದ್ದು ತಪ್ಪಾಗಿರಬಹುದು. ಆದರೆ ತಿಂಗಳುಗಟ್ಟಲೆ ಸಂಬಳ ಬಾಕಿ ಉಳಿಸಿಕೊಂಡದ್ದು ಯಾವ ಕಾನೂನಿಗೆ ಸರಿಯಾಗಿತ್ತು? ಇನ್ನೊಂದು ಮಾತನ್ನೂ ಹೇಳಬೇಕು. ಪ್ರಧಾನಿ ಖುದ್ದಾಗಿ ಬಂದು ಸಹಿ ಹಾಕಿಸಬೇಕಾಯಿತೆಂದರೆ, ಸ್ಥಳೀಯ ಆಡಳಿತ, ಪ್ರಾಂತೀಯ ಸರ್ಕಾರ, ನ್ಯಾಯಾಲಯ, ಇವು ಯಾವುವೂ ಆ ಜಗಳವನ್ನು ಬಗೆಹರಿಸಲು ಶಕ್ತವಾಗಿರಲಿಲ್ಲ ಎಂದಾಯಿತು. ಕಚ್ಚಾವಸ್ತು ಮತ್ತೆ ಬರತೊಡಗಿತು, ಕುಲುಮೆಗಳು ಹೊತ್ತಿಕೊಂಡವು, ಒಡೆತನ ಮಾತ್ರ ಮೂರು ಪಾಲಾಗಿಯೇ ಮುಂದುವರಿಯಿತು.

ಒಂದೇ ಉದ್ಯಮವನ್ನು ನೆಚ್ಚಿಕೊಂಡ ಇಂಥ ಊರುಗಳು ರಷ್ಯಾದಲ್ಲಿ ನೂರಾರಿವೆ. 2014ರಲ್ಲಿ ಸರ್ಕಾರ ಪ್ರಕಟಿಸಿದ ಪಟ್ಟಿಯಲ್ಲಿ 313 ಇದ್ದವು, ಪಿಕಾಲ್ಯೋವೊ ಅವುಗಳಲ್ಲೊಂದು. ಅದೇ ವರ್ಷ ಅಂಥ ಊರುಗಳಿಗೆ ಹೊಸ ಉದ್ಯೋಗ ತರುವ ಉದ್ದೇಶದಿಂದ ಒಂದು ನಿಧಿಯನ್ನೂ ಸ್ಥಾಪಿಸಲಾಯಿತು.

ಅಲ್ಲಿನ ಜನ ಊರು ಬಿಟ್ಟು ಬೇರೆಡೆಗೆ ಹೋಗಬಹುದಿತ್ತಲ್ಲ ಎಂಬ ಪ್ರಶ್ನೆ ನಿಮ್ಮಲ್ಲಿ ಮೂಡಿರಬಹುದು. ತೊಂಬತ್ತರ ದಶಕದಲ್ಲಿ ಕಾರ್ಖಾನೆಯ ವಸತಿಗೃಹಗಳು ಅಲ್ಲಿ ವಾಸವಿದ್ದವರ ಸ್ವಂತದ್ದಾದವು. ಒಂದು ಕುಟುಂಬದ ಬಹುಪಾಲು ಆಸ್ತಿಯೆಂದರೆ ಆ ಎರಡು ಕೋಣೆಯ ಮನೆ. ಕಾರ್ಖಾನೆ ನಿಂತ ದಿನದಿಂದಲೇ ಆ ಮನೆಯನ್ನು ಕೊಳ್ಳುವವರು ಇಲ್ಲವಾಗುತ್ತಾರೆ, ಅದನ್ನು ಮಾರಿದ ಹಣದಲ್ಲಿ ಪೀಟರ್ಸ್‌ಬರ್ಗ್‌ನಲ್ಲಿ ಒಂದು ಕೋಣೆಯನ್ನೂ ಕೊಳ್ಳಲಾಗದು. ಕುಲುಮೆಯ ಮುಂದೆ ಇಪ್ಪತ್ತು ವರ್ಷ ಕಲಿತ ಕಸುಬಿಗೆ ಬೇರೆ ಊರಿನಲ್ಲಿ ಕೆಲಸವೂ ಇಲ್ಲ. ನೆಫೆಲೀನ್‌ನಿಂದ ಅಲ್ಯೂಮಿನಾ ತೆಗೆಯುವ ಇನ್ನೊಂದು ದೊಡ್ಡ ಕಾರ್ಖಾನೆ ಇರುವುದು ಸಾವಿರಾರು ಕಿಲೋಮೀಟರ್ ಆಚೆ, ಸೈಬೀರಿಯಾದ ಅಚಿನ್ಸ್ಕ್‌ನಲ್ಲಿ. ಹಾಗಾಗಿ ಹೊರಡಲು ಸಾಧ್ಯವಾದದ್ದು ಮನೆ, ಸಂಸಾರ, ಕಸುಬು ಇನ್ನೂ ಕೈಗೆ ಬಾರದ ಎಳೆಯರಿಗೆ. ಉಳಿದವರಿಗೆ ಊರೂ ಕಾರ್ಖಾನೆಯೂ ಬೇರೆಬೇರೆಯಾಗಿರಲಿಲ್ಲ. ಅವರು ಹೆದ್ದಾರಿಗೆ ಇಳಿದು ಕೇಳಿದ್ದು ಪರಿಹಾರಧನವನ್ನಷ್ಟೇ ಅಲ್ಲ, ಕುಲುಮೆ ಮತ್ತೆ ಉರಿಯಲಿ ಎಂದೂ ಕೇಳಿದರು.